ಬೊಗಳುವ ನಾಯಿಯೂ ಗೃಹಸ್ಥನ ಧರ್ಮವೂ

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಮಿಂದು, ಶುಭ್ರವಸ್ತ್ರವನ್ನುಟ್ಟು, ವಿಭೂತಿಯನ್ನು ಧರಿಸಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಕುಳಿತ ಗೃಹಸ್ಥನೊಬ್ಬನನ್ನು ಮನಸ್ಸಿಗೆ ತಂದುಕೊಳ್ಳಬಹುದು. ಆತನ ಮನೆ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದಲ್ಲಿರಲಿ, ಹೊಳೆನರಸೀಪುರದ ಹೇಮಾವತಿಯ ದಡದಲ್ಲಿರಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳ ನಡುವೆ ಇರಲಿ, ಅಥವಾ ಹಾಸನದ ಹೊಸ ಬಡಾವಣೆಯ ಸಾಲುಮನೆಯೇ ಆಗಿರಲಿ. ಸುತ್ತಲೂ ನೀರವತೆಯಿದೆ. ದೃಷ್ಟಿ ಲಿಂಗದಲ್ಲಿ ನೆಲಸುವ ಹೊತ್ತಿಗೆ ಬಾಗಿಲಲ್ಲಿ ಕಟ್ಟಿದ ನಾಯಿ ಬೊಗಳತೊಡಗುತ್ತದೆ. ಒಂದು ಸಲ, ಹತ್ತು ಸಲ, ಎಡೆಬಿಡದೆ ಬೊಗಳುತ್ತದೆ. ಮನೆಯಾತನ ಮುಖ ಕೆಂಪೇರುತ್ತದೆ. ಕೈಯಲ್ಲಿ ಲಿಂಗವಿದೆ; ಮನಸ್ಸಿನಲ್ಲಿ ದೊಣ್ಣೆಯಿದೆ.

ಈ ಕ್ಷಣದಲ್ಲಿ ಆತನ ಧರ್ಮವೇನು? ಎದ್ದುಹೋಗಿ ಆ ಪ್ರಾಣಿಯ ಬಾಯಿಗೆ ಹಗ್ಗ ಬಿಗಿದು ಬಂದು ಪೂಜೆಯನ್ನು ಮುಂದುವರಿಸಿದರೆ, ಆ ಪೂಜೆ ಯಾರಿಗೆ ಸಲ್ಲುತ್ತದೆ? ಹಾಗಲ್ಲದೆ ಎಲ್ಲವನ್ನೂ ಸಹಿಸಿ ಕುಳಿತರೆ, ಪಕ್ಕದ ಮನೆಯಲ್ಲಿ ಜ್ವರದಿಂದ ಮಲಗಿರುವ ಮುದುಕಿಯ ನಿದ್ರಾಭಂಗಕ್ಕೆ ಉತ್ತರ ಹೇಳುವವರು ಯಾರು? ಪ್ರಶ್ನೆ ನಾಯಿಯದೆಂದು ತೋರುತ್ತದೆ. ವಿಚಾರಿಸಿ ನೋಡಿದರೆ ಇದು ಮನುಷ್ಯನ ದಯೆಯ ಪ್ರಶ್ನೆ. ಆದುದರಿಂದ ಸಂಸಾರಿಗಳಾದ ಸದ್ಭಕ್ತರು ಇದನ್ನು ಅಲ್ಪವಿಷಯವೆಂದು ತಳ್ಳಿಹಾಕಬಾರದು.

ಮೊದಲನೆಯ ಪಕ್ಷದವರು ಹೇಳುವುದು ಹೀಗೆ: ಬೊಗಳುವುದು ನಾಯಿಯ ಸ್ವಭಾವ, ಸ್ವಭಾವಕ್ಕೆ ಮದ್ದಿಲ್ಲ, ಸಹಿಸಿಕೊಳ್ಳುವುದೇ ಲೇಸು. ಸಂತೆಯಲ್ಲಿ ಮನೆ ಕಟ್ಟಿದವನು ಗದ್ದಲಕ್ಕೆ ಅಳುಕಬಾರದೆಂಬ ಅಭಿಪ್ರಾಯವನ್ನು ಅಕ್ಕಮಹಾದೇವಿಯವರೇ ತಿಳಿಸಿದ್ದಾರಲ್ಲವೇ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಕ್ಕನವರ ಉಪದೇಶವು ಸಾಧಕನು ತನ್ನ ಸಮಾಧಾನವನ್ನು ತಾನೇ ಕಾಪಾಡಿಕೊಳ್ಳುವುದಕ್ಕಾಗಿ ಹೇಳಿದ್ದು. ಅದನ್ನು ತನಗೆ ಹೇಳಿಕೊಂಡರೆ ತಪಸ್ಸು. ನೆರೆಯವನಿಗೆ ಹೇಳಿದರೆ ಅದು ಉದ್ಧಟತನ. ತನ್ನ ನಾಯಿಯ ಸದ್ದಿನಿಂದ ಮತ್ತೊಬ್ಬನ ನಿದ್ರೆ ಕೆಡುತ್ತಿರುವಾಗ ಸಹನೆಯ ಪಾಠವನ್ನು ಬೋಧಿಸುವ ಅಧಿಕಾರ ಮನೆಯಾತನಿಗಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ 45 ಡೆಸಿಬಲ್ಲಿನ ಮಿತಿಯನ್ನು ಗೊತ್ತುಮಾಡಿವೆ. ಹತ್ತಿರದಲ್ಲಿ ಬೊಗಳುವ ದೊಡ್ಡ ನಾಯಿಯ ಕೊರಳು ಈ ಮಿತಿಯನ್ನು ಬಹು ಸುಲಭವಾಗಿ ದಾಟುತ್ತದೆ. ಹಗಲೆಲ್ಲ ದುಡಿದವನ ನಿದ್ರೆಯನ್ನು ಕೆಡಿಸುವುದೆಂದರೆ ಆತನ ಮರುದಿನದ ಕಾಯಕವನ್ನು ಕೆಡಿಸಿದಂತೆಯೇ ಸರಿ.

ಎರಡನೆಯ ಪಕ್ಷದವರು ಇದಕ್ಕೆ ತೀರ ವಿರುದ್ಧವಾದವರು. ಹೊಡೆದರೆ ಬಾಯಿ ಮುಚ್ಚುತ್ತದೆಂಬುದು ಅವರ ಸಿದ್ಧಾಂತ. ಈ ಪಕ್ಷವನ್ನು ಪರೀಕ್ಷಿಸುವುದಕ್ಕೆ ಮಹಾಭಾರತದ ಆದಿಪರ್ವದಲ್ಲಿಯೇ ಒಂದು ಕಥೆಯಿದೆ. ಜನಮೇಜಯ ರಾಜನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿದ್ದಾಗ, ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ರಾಜನ ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತ ತಾಯಿಯ ಬಳಿಗೆ ಓಡಿತು. ಸರಮೆ ಮರಿಯನ್ನು ಗದರಿಸಲಿಲ್ಲ. ಏಕೆ ಅಳುತ್ತಿರುವೆ, ಹೊಡೆದವರು ಯಾರು ಎಂದು ಕೇಳಿದಳು. ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದು ಮರಿ ಹೇಳಿತು. ಆಗ ಸರಮೆ ಯಜ್ಞಶಾಲೆಗೆ ಹೋಗಿ, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಪ್ರಶ್ನಿಸಿದಳು. ಅವರಲ್ಲಿ ಉತ್ತರವಿರಲಿಲ್ಲ. ಕಾಣದ ಭಯವೊಂದು ನಿಮ್ಮನ್ನು ಬಂದು ಸೇರಲೆಂದು ಶಪಿಸಿ ಆಕೆ ಹೊರಟುಹೋದಳು.

ಈ ಕಥೆಯಲ್ಲಿ ಗಮನಿಸಬೇಕಾದುದು ಶಾಪವಲ್ಲ, ಪ್ರಶ್ನೆ. ತಾಯಿ ಕಾರಣವನ್ನು ಕೇಳಿದಳು, ಯಜ್ಞದೀಕ್ಷಿತರು ಕೇಳಲಿಲ್ಲ. ಹೊಡೆಯುವುದಕ್ಕೆ ಮೊದಲು ಕಾರಣವನ್ನು ವಿಚಾರಿಸದಿದ್ದುದೇ ಅವರ ಅಪರಾಧ. ಬಾಗಿಲಲ್ಲಿ ಬೊಗಳುವ ನಾಯಿಯ ವಿಷಯದಲ್ಲಿಯೂ ಧರ್ಮದ ಮೊದಲನೆಯ ಹೆಜ್ಜೆ ಇದೇ: ಇದು ಏಕೆ ಬೊಗಳುತ್ತಿದೆ?

ಕಾರಣಗಳು ಅನೇಕ. ಮೊದಲನೆಯದು ಕಾವಲು. ಕಳ್ಳನನ್ನೋ ಕಾಡುಮೃಗವನ್ನೋ ಕಂಡು ಕೂಗಲೆಂದೇ ಮನೆಯಾತನು ಅದಕ್ಕೆ ಮುದ್ದೆ ಹಾಕಿ ಸಾಕಿದ್ದಾನೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಗಳಲ್ಲಿ ಕಾಡಾನೆಯ ಹಾವಳಿ ಇರುವುದೂ, ಬಯಲು ತಾಲ್ಲೂಕುಗಳ ತೋಟಗಳಲ್ಲಿ ಚಿರತೆ ಸುಳಿಯುವುದೂ ಎಲ್ಲರಿಗೂ ತಿಳಿದದ್ದೇ. ಅಂತಹ ರಾತ್ರಿಯಲ್ಲಿ ನಾಲ್ಕು ಸಲ ಬೊಗಳಿದ ನಾಯಿ ತನ್ನ ಕಾಯಕವನ್ನು ಮಾಡಿತೆಂದೇ ತಿಳಿಯಬೇಕು. ಎರಡನೆಯದು ಬೇಸರ. ಓಡಲೆಂದು ಹುಟ್ಟಿದ ಪ್ರಾಣಿಯನ್ನು ಮೂರು ಮೊಳದ ಸರಪಳಿಯಲ್ಲಿ ಹಗಲಿರುಳೂ ಕಟ್ಟಿದರೆ, ಅದಕ್ಕೆ ಉಳಿದಿರುವ ಉದ್ಯೋಗವೆಂದರೆ ಬೊಗಳುವುದೊಂದೇ. ಮೂರನೆಯದು ಒಂಟಿತನ. ನಾಯಿ ಹಿಂಡಿನ ಪ್ರಾಣಿ. ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಹೊರಟರೆ ಅದು ಕೂಗಿ ಕರೆಯುತ್ತದೆ. ನಾಲ್ಕನೆಯದು ಭಯ. ದೀಪಾವಳಿಯ ಪಟಾಕಿ, ಮುಂಗಾರಿನ ಸಿಡಿಲು ಇವು ಅದರ ಕಿವಿಗೆ ಮನುಷ್ಯನ ಕಿವಿಗಿಂತ ಘೋರವಾಗಿರುತ್ತವೆ. ಮನುಷ್ಯನಿಗೆ ಕೇಳಿಸುವ ಧ್ವನಿಯ ಮೇರೆ ಸೆಕೆಂಡಿಗೆ ಸುಮಾರು 20,000 ಕಂಪನಗಳಾದರೆ, ನಾಯಿಗೆ ಸುಮಾರು 45,000 ಕಂಪನಗಳವರೆಗೂ ಕೇಳಿಸುತ್ತದೆ. ಸುಮ್ಮಸುಮ್ಮನೆ ಬೊಗಳುತ್ತಿದೆಯೆಂದು ಮನೆಯಾತ ಹೇಳುವಾಗ, ಆತನಿಗೆ ಕೇಳಿಸದ್ದು ಅದಕ್ಕೆ ಕೇಳಿಸಿರಲೂಬಹುದು. ಐದನೆಯದು ರೋಗ. ಕಿವಿಯ ಹುಣ್ಣು, ಕೀಲುನೋವು, ಮುಪ್ಪಿನ ಮರೆವು, ಕಿವುಡು ಇವುಗಳಿಂದ ಪೀಡಿತವಾದ ನಾಯಿ ರಾತ್ರಿಯೆಲ್ಲ ಕೂಗುವುದುಂಟು. ಆರನೆಯದು ಅಭ್ಯಾಸ. ಬೊಗಳಿದಾಗಲೆಲ್ಲ ರೊಟ್ಟಿಯ ಚೂರು ಬಂದು ಬಿದ್ದರೆ, ಬೊಗಳುವುದೇ ರೊಟ್ಟಿಯ ಮಂತ್ರವೆಂದು ಅದು ಕಲಿಯುತ್ತದೆ. ಈ ಕಡೆಯ ಕಾರಣದಲ್ಲಿ ಗುರು ಮನೆಯಾತನೇ. ನಾಯಿ ಕಲಿತ ಶಿಷ್ಯ ಮಾತ್ರ.

ಈ ಆರನ್ನೂ ಒಂದೇ ದೊಣ್ಣೆಯಿಂದ ತಿದ್ದುವೆನೆನ್ನುವುದು, ಜ್ವರಕ್ಕೂ ಹಸಿವಿಗೂ ದುಃಖಕ್ಕೂ ಒಂದೇ ಕಷಾಯವನ್ನು ಕುಡಿಸುವ ವೈದ್ಯನ ಜಾಣತನ. ಹೆದರಿ ಕೂಗುವ ಪ್ರಾಣಿಯನ್ನು ಹೊಡೆದರೆ ಹೆದರಿಕೆ ಇಮ್ಮಡಿಯಾಗುತ್ತದೆ. ಕೂಗು ನಿಂತರೂ ಕಚ್ಚುವಿಕೆ ಮೊದಲಾಗಬಹುದು. ಎಚ್ಚರಿಕೆಯ ಧ್ವನಿಯನ್ನು ಅಡಗಿಸಿದವನು ಧ್ವನಿಯಿಲ್ಲದ ಹಲ್ಲನ್ನು ಎದುರಿಸಬೇಕಾಗುತ್ತದೆ. ಗದರಿಸಿ ಕೂಗಾಡಿದರೂ ಫಲವಿಲ್ಲ. ಯಜಮಾನನೂ ತನ್ನೊಡನೆ ಬೊಗಳುತ್ತಿದ್ದಾನೆಂದು ತಿಳಿದಂತೆ ನಾಯಿ ಇನ್ನಷ್ಟು ಹುರುಪುಗೊಳ್ಳುವುದೇ ಹೆಚ್ಚು.

ಹಾಗಾದರೆ ಸಾಧುವಾದ ಮಾರ್ಗ ಯಾವುದು? ಮೊದಲು ಕಾರಣವನ್ನು ದೂರಮಾಡತಕ್ಕದ್ದು. ನಾಯಿಯನ್ನು ಬೀದಿಯ ಗೇಟಿಗೆ ಎದುರಾಗಿ ಕಟ್ಟಿದರೆ ಹಾದುಹೋಗುವ ಪ್ರತಿಯೊಬ್ಬನೂ ಅದಕ್ಕೆ ಕಳ್ಳನೇ. ಗೂಡನ್ನು ಹಿತ್ತಿಲ ಕಡೆಗೆ ಸರಿಸಿದರೆ, ಇಲ್ಲವೇ ಬೇಲಿಗೆ ತೆಂಗಿನ ಗರಿಯ ತಡಿಕೆಯನ್ನು ಕಟ್ಟಿ ಬೀದಿಯನ್ನು ಮರೆಮಾಡಿದರೆ ಅರ್ಧ ಬೊಗಳು ಆಗಲೇ ನಿಂತುಹೋಗುತ್ತದೆ. ರಾತ್ರಿ ಮನೆಯೊಳಗೋ ಪಡಸಾಲೆಯಲ್ಲೋ ಮಲಗಲು ಎಡೆಯಿತ್ತರೆ ನೆರೆಯವರಿಗೆ ಕೇಳಿಸುವ ಸದ್ದೂ ಕಡಮೆ, ಅದರ ಒಂಟಿತನವೂ ಕಡಮೆ.

ಎರಡನೆಯದಾಗಿ ದೇಹಕ್ಕೆ ಶ್ರಮ, ಮನಸ್ಸಿಗೆ ಉದ್ಯೋಗ ಎರಡನ್ನೂ ಒದಗಿಸಬೇಕು. ಬೆಳಗ್ಗೆ ಸಂಜೆ ಅರ್ಧ ಅರ್ಧ ಗಂಟೆ ಕೆರೆಯ ಏರಿಯ ಮೇಲೋ ತೋಟದ ದಾರಿಯಲ್ಲೋ ನಡೆಸಿಕೊಂಡು ಹೋದರೆ, ಅದು ಮೂಸಿನೋಡಬೇಕಾದುದನ್ನೆಲ್ಲ ಮೂಸಿನೋಡಲು ಬಿಟ್ಟರೆ, ಮನೆಗೆ ಬಂದು ಮಲಗುತ್ತದೆ. ಅದರ ಆಹಾರದಲ್ಲಿ ಒಂದು ಪಾಲನ್ನು ತಟ್ಟೆಯಲ್ಲಿಡದೆ ಅಂಗಳದ ಹುಲ್ಲಿನಲ್ಲಿ ಚೆಲ್ಲಿದರೆ, ಮೂಗಿನಿಂದ ಹುಡುಕಿ ಹುಡುಕಿ ತಿನ್ನುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಪೂಜೆಯ ಹೊತ್ತಿಗೆ ಮೌನ ಬೇಕೆನ್ನುವವನು ಪೂಜೆಗೆ ಮೊದಲೇ ನಾಯಿಯನ್ನು ತಿರುಗಾಡಿಸಿ, ಅದರ ಹೊಟ್ಟೆಗೆ ಹಾಕಿ, ಆಮೇಲೆ ಕುಳಿತುಕೊಳ್ಳಲಿ. ಮನೆಯ ಜೀವಿಯ ಹಸಿವನ್ನು ತೀರಿಸಿ ಲಿಂಗದ ಮುಂದೆ ಕುಳಿತವನಿಗೆ ಪೂಜೆಯ ಕ್ರಮ ತಪ್ಪಿತೆಂದು ಯಾವ ಶರಣನೂ ಹೇಳಲಾರನು.

ಮೂರನೆಯದಾಗಿ ಮೌನವನ್ನು ಕಲಿಸತಕ್ಕದ್ದು. ಕಾವಲಿಗಾಗಿ ಎರಡು ಮೂರು ಸಲ ಬೊಗಳಲು ಬಿಡಬೇಕು. ಬಳಿಕ ಶಾಂತವಾಗಿ ಹತ್ತಿರಕ್ಕೆ ಹೋಗಿ, ಅದು ತೋರಿಸುತ್ತಿರುವುದೇನೆಂದು ನೋಡಿ, ಮೆಲ್ಲನೆಯ ದನಿಯಲ್ಲಿ ‘ಸಾಕು’ ಎನ್ನಬೇಕು. ಅದು ಉಸಿರು ತೆಗೆದುಕೊಳ್ಳಲೆಂದು ಸುಮ್ಮನಾದ ಕ್ಷಣದಲ್ಲಿಯೇ ಒಂದು ಚೂರು ರಾಗಿಮುದ್ದೆಯನ್ನೋ ಅದು ಮೆಚ್ಚುವ ಬೇರೊಂದು ತಿನಿಸನ್ನೋ ಕೊಟ್ಟು ಮೈದಡವಬೇಕು. ಮೊದಲು ಎರಡು ಕ್ಷಣದ ಮೌನಕ್ಕೆ, ಆಮೇಲೆ ಹತ್ತು ಎಣಿಸುವಷ್ಟು ಹೊತ್ತಿನ ಮೌನಕ್ಕೆ, ಅನಂತರ ಒಂದು ನಿಮಿಷದ ಮೌನಕ್ಕೆ ಈ ಬಹುಮಾನ ಸಲ್ಲಬೇಕು. ಬೊಗಳುತ್ತಿರುವಾಗ ಮಾತ್ರ ಏನನ್ನೂ ಕೊಡಲಾಗದು. ತನ್ನನ್ನು ನೋಡಲಿ, ತನಗೆ ತಿನ್ನಲು ಕೊಡಲಿ ಎಂದು ಬೊಗಳುವ ನಾಯಿಗೆ ನೋಟವನ್ನೂ ಮಾತನ್ನೂ ಕೊಡದೆ, ಸುಮ್ಮನಾದೊಡನೆ ಎರಡನ್ನೂ ಕೊಡಬೇಕು. ಈ ಅಭ್ಯಾಸವನ್ನು ಮೊದಲುಮಾಡಿದ ಕೆಲವು ದಿನ ಬೊಗಳುವಿಕೆ ಹೆಚ್ಚಾಗಿಯೇ ತೋರುತ್ತದೆ. ಆ ಹೊತ್ತಿನಲ್ಲಿ ಸೋತು ರೊಟ್ಟಿ ಎಸೆದರೆ, ಇನ್ನಷ್ಟು ಹೊತ್ತು ಬೊಗಳಿದರೆ ಫಲ ಸಿಗುವುದೆಂಬ ಹೊಸ ಪಾಠವನ್ನು ಕಲಿಸಿದಂತಾಗುತ್ತದೆ. ಮನೆಯವರೆಲ್ಲರೂ ಒಂದೇ ಕ್ರಮವನ್ನು ಅನುಸರಿಸಬೇಕು. ತಂದೆ ತಡೆದು ಮಗ ಕೊಟ್ಟರೆ ಕಲಿಕೆ ನಿಲ್ಲುತ್ತದೆ.

ಭಯದಿಂದ ಕೂಗುವ ಪ್ರಾಣಿಗೆ ಇದು ಸಾಲದು. ಅದನ್ನು ಪಟಾಕಿಯ ದಿನ ಒಳಗಿನ ಕೋಣೆಯಲ್ಲಿರಿಸಿ, ಕಿಟಕಿ ಮುಚ್ಚಿ, ಮನೆಯವರೊಬ್ಬರು ಹತ್ತಿರ ಕುಳಿತಿರಬೇಕು. ಸಂತೈಸಿದರೆ ಭಯ ಅಭ್ಯಾಸವಾಗುವುದೆಂಬುದು ತಪ್ಪು ತಿಳಿವಳಿಕೆ, ಭಯವೆಂಬುದು ಅವಿಧೇಯತೆಯಲ್ಲ. ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುವ ರೈಲುಮಾರ್ಗ 2017ರಲ್ಲಿ ಪೂರ್ಣವಾಗಿ ತೆರೆಯಿತು. ಹಳಿಯ ಪಕ್ಕದ ಮನೆಯ ನಾಯಿ ರೈಲಿನ ಸಿಳ್ಳಿಗೆ ಬೆದರಿ ಬೊಗಳುತ್ತಿದ್ದರೆ, ಮೊದಲು ಸದ್ದು ಕ್ಷೀಣವಾಗಿ ಕೇಳಿಸುವಷ್ಟು ದೂರಕ್ಕೆ ಒಯ್ದು, ಸಿಳ್ಳು ಕೇಳಿಸಿದಾಗಲೆಲ್ಲ ತಿನಿಸು ಕೊಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತರಬೇಕು. ವಾರಗಳೇ ಹಿಡಿಯಬಹುದು. ರೋಗದ ಶಂಕೆಯಿದ್ದರೆ ಪಶುವೈದ್ಯಾಲಯಕ್ಕೆ ಕರೆದೊಯ್ಯತಕ್ಕದ್ದು. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು. ನಾಯಿಯ ದನಿ ಇದ್ದಕ್ಕಿದ್ದಂತೆ ಗೊಗ್ಗರಾಗಿ, ಬಾಯಲ್ಲಿ ಜೊಲ್ಲು ಸುರಿದು, ನಡತೆ ಬದಲಾದರೆ ಅದು ಹುಚ್ಚುನಾಯಿ ರೋಗವಾಗಿರಬಹುದು. ಆಗ ಹತ್ತಿರ ಹೋಗದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಬೀದಿಯ ನಾಯಿಗಳ ಕೂಗಿಗೆ, ಅದರಲ್ಲಿಯೂ ಭಾದ್ರಪದದ ಸುತ್ತಿನ ರಾತ್ರಿಗಳ ಕಾದಾಟಕ್ಕೆ, ಸಂತಾನಹರಣ ಚಿಕಿತ್ಸೆಯೂ ಲಸಿಕೆಯೂ ನಿಜವಾದ ಪರಿಹಾರಗಳು. ಇದಕ್ಕಾಗಿ 2001ರಲ್ಲಿ ನಿಯಮಗಳಾದವು. 2023ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಊರಿನವರು ಕಲ್ಲೆಸೆಯುವ ಬದಲು ಪುರಸಭೆಗೆ ಅರ್ಜಿ ಕೊಡುವುದು ಲೇಸು.

ಇನ್ನು ವರ್ಜ್ಯವಾದವುಗಳನ್ನು ಹೇಳಬೇಕು. ಬಾಯಿಗೆ ಹಗ್ಗ ಬಿಗಿಯುವುದು ಪ್ರಾಣಾಪಾಯಕರ. ಮನುಷ್ಯನಂತೆ ನಾಯಿಗೆ ಮೈತುಂಬ ಬೆವರಿಲ್ಲ. ಬಾಯಿ ತೆರೆದು ತೇಕುವುದರಿಂದಲೇ ಅದು ಶರೀರದ ತಾಪವನ್ನು ಕಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಬಾಯಿ ಕಟ್ಟಿದ ನಾಯಿ ಒಳಗೇ ಬೆಂದು ಸಾಯಬಹುದು. ಬೊಗಳಿದೊಡನೆ ಕೊರಳಿಗೆ ವಿದ್ಯುತ್ತಿನ ಆಘಾತ ಕೊಡುವ ಪಟ್ಟಿಗಳು ಈಗ ಮಾರಾಟಕ್ಕೆ ಬಂದಿವೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಇವುಗಳನ್ನು 2010ರಲ್ಲಿಯೇ ನಿಷೇಧಿಸಿದರು. ಗಂಟಲಿನ ಧ್ವನಿತಂತುಗಳನ್ನು ಕತ್ತರಿಸಿಹಾಕುವ ಶಸ್ತ್ರಕ್ರಿಯೆಯನ್ನು ಯೂರೋಪಿನ ರಾಷ್ಟ್ರಗಳು 1987ರ ಸಾಕುಪ್ರಾಣಿಗಳ ಒಪ್ಪಂದದಲ್ಲಿ ನಿಷಿದ್ಧವೆಂದು ಬರೆದಿವೆ. ಆ ಶಸ್ತ್ರಕ್ರಿಯೆಯಿಂದ ಭಯವೂ ಬೇಸರವೂ ಹಾಗೆಯೇ ಉಳಿದು, ಅವನ್ನು ತಿಳಿಸುವ ದನಿ ಮಾತ್ರ ಇಲ್ಲವಾಗುತ್ತದೆ. ಇಲ್ಲಿಯ ಕಾನೂನೂ ಮೂಕವಾಗಿಲ್ಲ. 1960ರ ಪ್ರಾಣಿಹಿಂಸಾ ನಿವಾರಣೆಯ ಅಧಿನಿಯಮದ 11ನೆಯ ಪ್ರಕರಣವು ಹೊಡೆಯುವುದನ್ನೂ, ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದನ್ನೂ ಅಪರಾಧವೆನ್ನುತ್ತದೆ. ಅಷ್ಟೇ ಅಲ್ಲ, ವಾಡಿಕೆಯಾಗಿ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಮಾಡಿಸದಿರುವುದನ್ನೂ ಅದು ನಾಯಿಯ ಹೆಸರೆತ್ತಿಯೇ ಅಪರಾಧವೆಂದು ಹೇಳಿದೆ. ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟು ಸಣ್ಣ ದಂಡಕ್ಕೆ ಹೆದರಿ ಯಾರೂ ದಯಾಳುವಾಗುವುದಿಲ್ಲ. ಸಿಟ್ಟಿನಲ್ಲಿ ನೆರೆಯವನ ನಾಯಿಗೆ ವಿಷವಿಕ್ಕುವವನ ಮಾತು ಬೇರೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಪ್ರಕರಣದಂತೆ ಅದಕ್ಕೆ ಐದು ವರ್ಷದವರೆಗಿನ ಸೆರೆವಾಸವುಂಟು.

ಆದರೆ ಶರಣಮಾರ್ಗಿಗಳಿಗೆ ಕಾನೂನಿಗಿಂತ ಮೊದಲೇ ಬಂದ ಶಾಸನವೊಂದಿದೆ. ದಯೆಯನ್ನು ಬಿಟ್ಟ ಆಚಾರವನ್ನು ಧರ್ಮವೆಂದು ಕರೆಯಲು ಬಸವಣ್ಣನವರು ಒಪ್ಪಲಿಲ್ಲ. ಕಲ್ಲಿನಲ್ಲಿ ಕೊರೆದ ನಾಗನಿಗೆ ಹಾಲೆರೆದು ನಿಜವಾದ ನಾಗನನ್ನು ಕೊಲ್ಲಹೋಗುವ ಜನರ ವಿಪರೀತವನ್ನು ಅವರು ಎತ್ತಿ ತೋರಿಸಿದರು. ಆ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯಲ್ಲಿ ಭೈರವನ ಪಕ್ಕದ ನಾಯಿಯನ್ನು ಕಂಡು ಕೈಮುಗಿದವನು, ಗುಡಿಯ ಹೊರಗೆ ಜೀವಂತ ನಾಯಿಗೆ ಕಲ್ಲನ್ನೆಸೆಯುತ್ತಾನೆ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಲ್ಲಿ ವೇದವನ್ನು ಓದಿಸಿದರೆಂಬ ಪುರಾಣಕಥೆಯನ್ನು ಮಠದಲ್ಲಿ ಕೇಳಿ ತಲೆದೂಗಿದವನು, ಮನೆಗೆ ಬಂದು ಅದೇ ಬಾಯಿಗೆ ಹಗ್ಗ ಬಿಗಿಯುತ್ತಾನೆ.

ಕನ್ನಡನಾಡು ನಾಯಿಯ ಸೇವೆಯನ್ನು ಮರೆತ ನಾಡಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಶಕ 872ಕ್ಕೆ, ಎಂದರೆ ಕ್ರಿ.ಶ. 949–50ಕ್ಕೆ ಸೇರಿದ್ದು. ಗಂಗರಾಜ ಬೂತುಗನು ತನ್ನ ವೀರನಾದ ಮಣಲೆರನಿಗೆ ಬೇಕಾದುದನ್ನು ಬೇಡೆಂದಾಗ, ಆತನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಸತ್ತವು. ಅದರ ನೆನಪಿಗೆ ಊರಿನ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋರಾಡಿ ಸತ್ತ ನಾಯಿಗೆ ಕಲ್ಲನ್ನು ನಿಲ್ಲಿಸಿದವರ ನಾಡಿನಲ್ಲಿ, ಕಾವಲು ಕಾಯುವ ನಾಯಿಗೆ ಅರ್ಧ ಗಂಟೆಯ ನಡಿಗೆಯನ್ನು ಕೊಡಲು ಬಿಡುವಿಲ್ಲವೆನ್ನುವುದು ಒಪ್ಪುವ ಮಾತಲ್ಲ.

ನೆರೆಯವನಾದವನಿಗೂ ಒಂದು ಧರ್ಮವಿದೆ. ಮನೆಯೊಡೆಯನು ಊರಲ್ಲಿಲ್ಲದಾಗ ನಾಯಿ ಹಗಲೆಲ್ಲ ಬೊಗಳುವುದು ಆತನಿಗೆ ತಿಳಿದೇ ಇರಲಾರದು. ಯಾವ ಹೊತ್ತಿನಲ್ಲಿ ಎಷ್ಟು ಸಮಯ ಬೊಗಳಿತೆಂದು ಗುರುತುಹಾಕಿಕೊಂಡು, ಸಿಟ್ಟು ಇಳಿದ ಮೇಲೆ ಹೋಗಿ ಹೇಳಿದರೆ, ಆ ಗುರುತೇ ಕಾರಣವನ್ನು ಕಂಡುಹಿಡಿಯಲು ನೆರವಾಗುತ್ತದೆ. ಕೇಳಿದ ಮನೆಯಾತನೂ ಅದನ್ನು ದೂರೆಂದು ತಿಳಿಯದೆ, ತನ್ನಿಂದಾದ ತೊಂದರೆಗೆ ಮೊದಲು ಕ್ಷಮೆ ಕೇಳತಕ್ಕದ್ದು.

ರಾಮಾಯಣದ ಉತ್ತರಕಾಂಡದಲ್ಲಿ ಪ್ರಕ್ಷಿಪ್ತವೆಂದು ಎಣಿಸಲಾದ ಭಾಗದಲ್ಲಿ ಒಂದು ನಾಯಿ ಒಡೆದ ತಲೆಯೊಂದಿಗೆ ಶ್ರೀರಾಮನ ಸಭೆಗೆ ಬಂದು ನ್ಯಾಯವನ್ನು ಕೇಳುತ್ತದೆ. ಹೊಡೆದವನು ಭಿಕ್ಷುಕ ಬ್ರಾಹ್ಮಣ. ಹಸಿದು ತಿರುಗುತ್ತಿದ್ದ ತನಗೆ ದಾರಿ ಬಿಡಲಿಲ್ಲವೆಂಬ ಸಿಟ್ಟಿನಲ್ಲಿ ಹೊಡೆದೆನೆಂದು ಆತನು ಒಪ್ಪಿಕೊಳ್ಳುತ್ತಾನೆ. ಆ ಸಭೆಯಲ್ಲಿ ವಿಚಾರಣೆಗೆ ಗುರಿಯಾದುದು ದಾರಿಗೆ ಅಡ್ಡ ಮಲಗಿದ ನಾಯಿಯಲ್ಲ, ಸಿಟ್ಟಿಗೆ ಅಧೀನನಾದ ಮನುಷ್ಯ. ಮಾತು ಬಲ್ಲವನು ತನ್ನ ಕೋಪಕ್ಕೆ ಉತ್ತರ ಹೇಳಬೇಕು. ಮಾತಿಲ್ಲದ ಪ್ರಾಣಿಯಿಂದ ಆ ಉತ್ತರವನ್ನು ಕೇಳುವಂತಿಲ್ಲ.

ಪೂಜೆಗೆ ಕುಳಿತ ಗೃಹಸ್ಥನ ಕಡೆಗೆ ಈಗ ಮರಳಬಹುದು. ನಾಯಿಗೆ ಮೌನವನ್ನು ಕಲಿಸಹೊರಟವನು ತಾನು ಕಲಿಯಬೇಕಾದುವು ಬಹಳ: ದಿನವೂ ಒಂದೇ ಹೊತ್ತಿಗೆ ಏಳುವುದು, ದನಿಯನ್ನು ಏರಿಸದಿರುವುದು, ಕೋಪ ಬಂದಾಗ ಕೈಯನ್ನು ತಡೆಯುವುದು, ಫಲ ತಡವಾದರೂ ಕ್ರಮವನ್ನು ಬಿಡದಿರುವುದು. ಲಿಂಗಪೂಜೆಗೆ ಬೇಕಾದ ನಿಯಮಗಳೂ ಇವೇ ಅಲ್ಲವೇ? ಮತ್ತೊಂದು ಜೀವದ ಕೊರಳನ್ನು ಹಿಸುಕಿ ಪಡೆದ ನಿಶ್ಶಬ್ದವು ಲಿಂಗಾರ್ಪಿತಕ್ಕೆ ಯೋಗ್ಯವಲ್ಲ. ಆದುದರಿಂದ ನಾಳೆ ಬೆಳಗ್ಗೆ ನಾಯಿ ಬೊಗಳಿದಾಗ, ಲಿಂಗವನ್ನು ಸಜ್ಜೆಯಲ್ಲಿರಿಸಿ ಎದ್ದುಹೋಗಿ ನೋಡಿದರೆ ತಪ್ಪಿಲ್ಲ. ಸರಪಳಿ ಕಾಲಿಗೆ ಸುತ್ತಿಕೊಂಡಿರಬಹುದು. ನೀರಿನ ಬಟ್ಟಲು ಬರಿದಾಗಿರಬಹುದು. ಅದನ್ನು ಬಿಡಿಸಿ, ಇದನ್ನು ತುಂಬಿಸಿ, ಕೈತೊಳೆದು ಬಂದು ಕುಳಿತರೆ ಪೂಜೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.